ರಾಣೆಬೆನ್ನೂರಿನ ದಂಡು, ಲಂಡನ್ನಿನ ಬೆಳ್ಳಿ

1800ರ ಜೂನ್ ಕೊನೆಯ ವಾರ. ಮಳೆ ಹಿಡಿದಿತ್ತು, ತುಂಗಭದ್ರೆ ದಿನದಿನಕ್ಕೆ ಏರುತ್ತಿತ್ತು. ಹರಿಹರದ ಬಳಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಹರಗೋಲುಗಳಲ್ಲಿ ಹೊಳೆ ದಾಟಿ ಉತ್ತರದ ದಡ ಸೇರಿತು. ದಂಡಿನ ಮುಂದಾಳು ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಆಗ 31 ವರ್ಷ. ಜೂನ್ 27ರಂದು ದಂಡು ರಾಣೆಬೆನ್ನೂರಿನ ಹತ್ತಿರ ಬಂದಾಗ ಕೋಟೆಯ ಒಳಗಿನಿಂದ ಗುಂಡು ಹಾರಿದವು. ಕಾಯುವ ಮಾತೇ ಇರಲಿಲ್ಲ. ಅದೇ ದಿನ ಕೋಟೆಗೆ ಲಗ್ಗೆ ಹಾಕಿ ಗೆದ್ದರು. ಅಲ್ಲಿಂದ ದಂಡು ಹಾವೇರಿಯ ಕಡೆ ಹೊರಟಿತು.

ಈ ಕರ್ನಲ್ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದ, 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಲಂಡನ್ನಿನ ಅವನ ಮನೆ ಆಪ್ಸ್ಲಿ ಹೌಸ್ ಈಗ ವಸ್ತುಸಂಗ್ರಹಾಲಯ. ಅಲ್ಲಿ ‘ಡೆಕ್ಕನ್ ಸರ್ವಿಸ್’ ಎಂಬ ಹೆಸರಿನ, ಚಿನ್ನದ ನೀರು ಹಿಡಿಸಿದ ಬೆಳ್ಳಿಯ ಊಟದ ಸಾಮಾನು ಇದೆ. ದಖ್ಖನ್ನಿನಲ್ಲಿ ಅವನ ಕೈಕೆಳಗೆ ಕಾದಿದ ಅಧಿಕಾರಿಗಳು ಚಂದಾ ಎತ್ತಿ ಮಾಡಿಸಿಕೊಟ್ಟದ್ದು ಅದು. ಇಂಗ್ಲಿಷ್ ಬೆಳ್ಳಿಯ ಚರಿತ್ರೆ ಬರೆಯುವವರು ಅದನ್ನು ಲಂಡನ್ನಿನ ಅಕ್ಕಸಾಲಿಗನಿಂದ ಆರಂಭಿಸುತ್ತಾರೆ. ಈ ನೆಲದವರು ಅದನ್ನು ರಾಣೆಬೆನ್ನೂರಿನಿಂದ ಆರಂಭಿಸುವುದು ನ್ಯಾಯ.

ವೆಲ್ಲೆಸ್ಲಿ ಬೆನ್ನು ಹತ್ತಿದ್ದು ಧೋಂಡಿಯ ವಾಘನನ್ನು. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಹೈದರಾಲಿಯ ಕುದುರೆ ದಂಡಿನಲ್ಲಿ ಪಳಗಿದವನು. 1790ರ ದಶಕದ ಮೊದಲಲ್ಲಿ ಟಿಪ್ಪುವಿನ ಕೈ ಬಿಟ್ಟು ಬಂದು ಹಾವೇರಿ, ಸವಣೂರು, ಧಾರವಾಡಗಳ ಸುತ್ತ ತನ್ನದೇ ದಂಡು ಕಟ್ಟಿದ. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಅವನನ್ನು ಬೆನ್ನಟ್ಟಿ ಓಡಿಸಿದ. ತಿರುಗಿ ಟಿಪ್ಪುವಿನ ಆಸರೆಗೆ ಹೋದವನಿಗೆ ಸಿಕ್ಕಿದ್ದು ಶ್ರೀರಂಗಪಟ್ಟಣದ ಸೆರೆಮನೆ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಹೊರಬಂದ ಧೋಂಡಿಯ ಕೆಲವೇ ತಿಂಗಳಲ್ಲಿ ಸಾವಿರಾರು ಸವಾರರನ್ನು ಕೂಡಿಸಿಕೊಂಡು ತನ್ನನ್ನು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡ. ಸಿಕ್ಕಿದ ಕಡೆಯೇ ಅವನನ್ನು ಮರಕ್ಕೆ ನೇಣು ಹಾಕಿ ಎಂಬುದು ಮದರಾಸಿನಿಂದ ವೆಲ್ಲೆಸ್ಲಿಗೆ ಬಂದ ಆಜ್ಞೆ.

ಹಾವೇರಿ ಸೀಮೆಯಲ್ಲಿ ಆ ದಂಡಿಗೆ ಶತ್ರುವಿಗಿಂತ ಮಳೆಯೇ ದೊಡ್ಡ ತೊಡಕಾಯಿತು. ವರದಾ ತುಂಬಿತ್ತು. ದೇವಗಿರಿಯ ಬಿಡಾರದಿಂದ ವೆಲ್ಲೆಸ್ಲಿ ಬರೆದ ಪತ್ರಗಳ ತುಂಬ ಅಕ್ಕಿ, ಎತ್ತು, ಹರಗೋಲುಗಳ ಚಿಂತೆಯೇ. ದವಸ ಹೊತ್ತು ತರಬೇಕಾದವರು ಎತ್ತುಗಳ ಮೇಲೆ ಹೇರು ಹಾಕಿಕೊಂಡು ಸಾಗುವ ಲಂಬಾಣಿಗರು. ಅವರು ಬಾರದಿದ್ದರೆ ದಂಡು ಕದಲುವಂತಿರಲಿಲ್ಲ. ವೆಲ್ಲೆಸ್ಲಿ ಇಲ್ಲಿ ಸಿಕ್ಕಿಕೊಂಡಿದ್ದಾಗಲೇ, ಜೂನ್ 30ರಂದು, ಕಿತ್ತೂರಿನ ಸಮೀಪ ಧೋಂಡಿಯ ತನ್ನ ಹಳೆಯ ವೈರಿ ಗೋಖಲೆಯ ಮೇಲೆರಗಿ ಅವನನ್ನು ಕೊಂದ. ಜುಲೈ ನಡುವಿಗೆ ಸವಣೂರು ಮುಟ್ಟಿದ ವೆಲ್ಲೆಸ್ಲಿ ಕುಂದಗೋಳ, ಡಂಬಳಗಳನ್ನು ಹಿಡಿದ. ಮುನವಳ್ಳಿಯ ಬಳಿ ಮಲಪ್ರಭೆಯ ದಡದಲ್ಲಿ ಧೋಂಡಿಯನ ಸಾಮಾನು ಸರಂಜಾಮು ಅವನ ಕೈಗೆ ಬಿತ್ತು. ಸೆಪ್ಟೆಂಬರ್ 10ರಂದು ರಾಯಚೂರು ದೋಆಬದ ಕೋನಗಲ್ಲಿನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿದ. ಧೋಂಡಿಯ ಸತ್ತ. ಅವನ ಸಾಮಾನುಗಳ ನಡುವೆ ನಾಲ್ಕು ವರ್ಷದ ಹುಡುಗನೊಬ್ಬ ಸಿಕ್ಕಿದ: ಸಲಾಬತ್ ಖಾನ್, ಧೋಂಡಿಯನ ಸಾಕುಮಗ. ವೆಲ್ಲೆಸ್ಲಿ ಅವನ ಪಾಲನೆಗೆ ಹಣ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಈ ಇಡೀ ದಂಡಯಾತ್ರೆಯಲ್ಲಿ ಮನಸ್ಸಿಗೆ ತಟ್ಟುವ ಸಂಗತಿ ಇದೊಂದೇ.

ಇಂಥ ದಂಡಿನ ಜೊತೆಗೇ ಇಂಗ್ಲಿಷ್ ಬೆಳ್ಳಿ ಈ ಊರುಗಳ ದಾರಿಗೆ ಬಂತು. ಬಿಡಾರದಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬನನ್ನು ಊಟಕ್ಕೆ ಕರೆದರೆ, ಬರುವವನು ತನ್ನ ಕುರ್ಚಿ, ತಟ್ಟೆ, ಚಾಕು, ಫೋರ್ಕು, ಚಮಚಗಳನ್ನು ಆಳಿನ ಕೈಯಲ್ಲಿ ಕಳಿಸುವುದು ಆ ಕಾಲದ ರೂಢಿ. ಅವನ ಅಂತಸ್ತು ಅವನ ಚಮಚದಲ್ಲಿ ಕಾಣುತ್ತಿತ್ತು. ಮನೆತನದ ಲಾಂಛನವನ್ನೋ ಹೆಸರಿನ ಮೊದಲಕ್ಷರವನ್ನೋ ಹಿಡಿಯ ಮೇಲೆ ಕೆತ್ತಿಸಿಕೊಂಡಿರುತ್ತಿದ್ದ. ಸಾಲ ಮಾಡಿಕೊಂಡು ಸತ್ತರೆ ಆ ಚಮಚಗಳೂ ಹರಾಜಿಗೆ ಬರುತ್ತಿದ್ದವು.

1800ರಲ್ಲಿ ಲಂಡನ್ನಿನಲ್ಲಿ ತಯಾರಾದ ಬೆಳ್ಳಿ ಚಮಚವೊಂದನ್ನು ಬೋರಲು ಹಾಕಿ ನೋಡಿದರೆ ಹಿಡಿಯ ಹಿಂಬದಿಯಲ್ಲಿ ಐದು ಪುಟ್ಟ ಮುದ್ರೆಗಳು. ಒಂದು, ಮುಂಗಾಲೆತ್ತಿ ನಡೆಯುವ ಸಿಂಹ: ನೂರಕ್ಕೆ 92.5 ಪಾಲು ಅಪ್ಪಟ ಬೆಳ್ಳಿ ಎಂಬ ಮಾತು. ಇನ್ನೊಂದು, ಕಿರೀಟ ತೊಟ್ಟ ಚಿರತೆಯ ತಲೆ: ಪರೀಕ್ಷೆ ನಡೆದದ್ದು ಲಂಡನ್ನಿನಲ್ಲಿ ಎಂದು. ಮೂರನೆಯದು ದೊರೆ ಮೂರನೆಯ ಜಾರ್ಜನ ತಲೆ: ಸರ್ಕಾರದ ತೆರಿಗೆ ಸಂದಾಯವಾಗಿದೆ. ನಾಲ್ಕನೆಯದು ದೊಡ್ಡಕ್ಷರದ ‘ಇ’: 1800ರ ಮೇ ತಿಂಗಳಿನಿಂದ ಒಂದು ವರ್ಷದ ಗುರುತು. ಕೊನೆಯದು ತಯಾರಕನ ಹೆಸರಿನ ಮೊದಲಕ್ಷರಗಳು. ಒಂದು ಚಮಚವನ್ನು ಯಾರು, ಯಾವ ಊರಲ್ಲಿ, ಯಾವ ವರ್ಷ, ಎಷ್ಟು ಶುದ್ಧ ಬೆಳ್ಳಿಯಿಂದ ಮಾಡಿದರು ಎಂಬುದನ್ನು ಎರಡು ಶತಮಾನದ ಮೇಲೂ ಭೂತಗನ್ನಡಿ ಹಿಡಿದು ಓದಬಹುದು. ಜಗತ್ತಿನ ಕುಶಲಕರ್ಮಗಳಲ್ಲಿ ಇಷ್ಟು ಉದ್ದದ, ಇಷ್ಟು ನಂಬಿಕೆಯ ದಾಖಲೆ ವಿರಳ.

ಈ ಪದ್ಧತಿ ಒಂದು ದಿನದಲ್ಲಿ ಬಂದದ್ದಲ್ಲ. 1300ರಲ್ಲಿ ದೊರೆ ಮೊದಲನೆಯ ಎಡ್ವರ್ಡ್ ಚಿರತೆಯ ತಲೆಯ ಮುದ್ರೆಯನ್ನು ಕಡ್ಡಾಯ ಮಾಡಿದ. ತಯಾರಕನ ಗುರುತು 1363ರಲ್ಲಿ, ವರ್ಷದ ಅಕ್ಷರ 1478ರಲ್ಲಿ, ಸಿಂಹ 1544ರಲ್ಲಿ, ದೊರೆಯ ತಲೆ 1784ರಲ್ಲಿ ಬಂದವು. ತೆರಿಗೆ ಹೋದಾಗ, 1890ರಲ್ಲಿ, ದೊರೆಯ ತಲೆಯೂ ಹೋಯಿತು. ನಡುವೆ ಒಂದು ಸ್ವಾರಸ್ಯದ ಘಟ್ಟ ಇದೆ. ಹದಿನೇಳನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಜನ ಬೆಳ್ಳಿ ನಾಣ್ಯಗಳನ್ನು ಕರಗಿಸಿ, ಅಂಚು ಕತ್ತರಿಸಿ ತಟ್ಟೆ ಲೋಟ ಮಾಡಿಸಿಕೊಳ್ಳತೊಡಗಿದರು. ನಾಣ್ಯಕ್ಕೇ ಬೆಳ್ಳಿ ಉಳಿಯದ ಸ್ಥಿತಿ. ಅದನ್ನು ತಡೆಯಲು 1697ರಲ್ಲಿ ಸರ್ಕಾರ ಸಾಮಾನುಗಳ ಬೆಳ್ಳಿಯ ಶುದ್ಧತೆಯನ್ನು ನಾಣ್ಯಕ್ಕಿಂತ ಮೇಲಕ್ಕೆ, 95.8ಕ್ಕೆ ಏರಿಸಿತು. ನಾಣ್ಯ ಕರಗಿಸಿದರೆ ನೇರವಾಗಿ ಸಾಮಾನಾಗದಂತೆ ಮಾಡುವ ಉಪಾಯ. 1720ರಲ್ಲಿ ಹಳೆಯ ಮಟ್ಟಕ್ಕೆ ಮರಳಲು ಅವಕಾಶವಾಯಿತು. ಸುಳ್ಳು ಮುದ್ರೆ ಒತ್ತಿದವನಿಗೆ ಹದಿನೆಂಟನೇ ಶತಮಾನದ ನಡುವೆ ಮರಣದಂಡನೆಯೇ ಇತ್ತು. 1773ರ ನಂತರ ಅದು ಹದಿನಾಲ್ಕು ವರ್ಷದ ಗಡೀಪಾರಾಯಿತು.

ಇಂಗ್ಲಿಷರು ಮೊದಲಿನಿಂದಲೂ ಫೋರ್ಕಿನಲ್ಲಿ ಉಣ್ಣುತ್ತಿದ್ದರು ಎಂದುಕೊಂಡರೆ ತಪ್ಪು. ಈಗ ತಿಳಿದಿರುವ ಅತಿ ಹಳೆಯ ಇಂಗ್ಲಿಷ್ ಬೆಳ್ಳಿಯ ಊಟದ ಫೋರ್ಕಿನ ಮುದ್ರೆ 1632ರದು. ಅದಕ್ಕೆ ಹಿಂದೆ ಅವರೂ ಚಾಕು, ಚಮಚ, ಬೆರಳುಗಳಲ್ಲೇ ಉಣ್ಣುತ್ತಿದ್ದರು. ಹಿಡಿಯ ಆಕಾರಗಳು ಕಾಲಕಾಲಕ್ಕೆ ಬದಲಾದವು. 1710ರ ಸುಮಾರಿನ ‘ಹ್ಯಾನೊವೇರಿಯನ್’ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು, ಹಾಗಾಗಿ ಲಾಂಛನ ಹಿಂಬದಿಯಲ್ಲಿ. 1760ರ ಹೊತ್ತಿಗೆ ಬಂದ ‘ಓಲ್ಡ್ ಇಂಗ್ಲಿಷ್’ ಮಾದರಿಯನ್ನು ಅಂಗಾತ ಇಡತೊಡಗಿದರು, ಲಾಂಛನ ಮುಂಬದಿಗೆ ಬಂತು. ವೆಲ್ಲೆಸ್ಲಿ ರಾಣೆಬೆನ್ನೂರಿಗೆ ಬರುವಾಗ ಪಿಟೀಲಿನ ಆಕಾರದ ಹಿಡಿಯ ‘ಫಿಡ್ಲ್’ ಮಾದರಿ ಹೊಸ ಒಲವಾಗಿತ್ತು. 1780ರ ದಶಕಕ್ಕೆ ಮುಂಚಿನ ಚಮಚಗಳಲ್ಲಿ ಮುದ್ರೆಗಳು ಸಾಮಾನ್ಯವಾಗಿ ಹಿಡಿಯ ಕೆಳಗೆ, ಬಟ್ಟಲಿನ ಹತ್ತಿರ ಇರುತ್ತವೆ. ಆಮೇಲಿನವುಗಳಲ್ಲಿ ಮೇಲ್ತುದಿಗೆ ಹೋಗಿವೆ. ಹಳೆಯ ಬೆಳ್ಳಿ ಕೊಳ್ಳುವವರು ಮೊದಲು ನೋಡುವುದೇ ಇದನ್ನು.

ಚಮಚ ಮಾಡುವುದು ಲಂಡನ್ನಿನಲ್ಲಿ ಪ್ರತ್ಯೇಕ ಕಸುಬು. ಬೆಳ್ಳಿಯ ಪಟ್ಟಿಯನ್ನು ಕಾಯಿಸಿ ಬಡಿದು ಹಿಡಿ ಎಳೆಯುವುದು, ಸೀಸದ ದಿಮ್ಮಿಯ ಮೇಲಿಟ್ಟು ಉಕ್ಕಿನ ಅಚ್ಚಿನಿಂದ ಬಟ್ಟಲು ಇಳಿಸುವುದು, ಅರದಿಂದ ಉಜ್ಜುವುದು, ಕೊನೆಗೆ ನಯ ಕೊಡುವುದು. ನಯ ಕೊಡುವ ಕೆಲಸ ಹೆಚ್ಚಾಗಿ ಹೆಂಗಸರದು. ಗಿರಾಕಿಯಿಂದ ಬೆಳ್ಳಿಯ ತೂಕಕ್ಕೆ ಒಂದು ಲೆಕ್ಕ, ಮಜೂರಿಗೆ ಇನ್ನೊಂದು ಲೆಕ್ಕ. ಹಾವೇರಿಯ ಸರಾಫ ಅಂಗಡಿಯಲ್ಲಿ ಇಂದಿಗೂ ಬಿಲ್ಲು ಬರೆಯುವುದು ಹೀಗೆಯೇ.

ಈ ತಯಾರಕರಲ್ಲಿ ಹೆಚ್ಚು ನೆನೆಯಬೇಕಾದವಳು ಹೆಸ್ಟರ್ ಬೇಟ್ಮನ್. ಅವಳ ಗಂಡ ಸರಪಳಿ ಮಾಡುವ ಕಸುಬಿನವನು, 1760ರಲ್ಲಿ ತೀರಿಕೊಂಡ. ಮರುವರ್ಷವೇ ಅವಳು ತನ್ನ ಹೆಸರಿನ ‘ಎಚ್‌ಬಿ’ ಮುದ್ರೆಯನ್ನು, ಬೆಳ್ಳಿ ಪರೀಕ್ಷೆ ನಡೆಯುವ ಗೋಲ್ಡ್‌ಸ್ಮಿತ್ಸ್ ಹಾಲಿನಲ್ಲಿ, ನೋಂದಾಯಿಸಿದಳು. ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಬೇರೆ ಅಂಗಡಿಗಳಿಗಾಗಿ ಚಮಚ, ಫೋರ್ಕುಗಳನ್ನು ಮಾಡಿಕೊಟ್ಟಳು. ಮಕ್ಕಳು, ಸೊಸೆ, ಮೊಮ್ಮಗ ಸೇರಿ ಬನ್‌ಹಿಲ್ ರೋದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. 1790ರಲ್ಲಿ ಕೆಲಸದಿಂದ ಹಿಂದೆ ಸರಿದು 1794ರಲ್ಲಿ ಸತ್ತಳು. ಮುಂದೆ ಮೇರಿ ಚಾನರ್ ಎಂಬ ಇನ್ನೊಬ್ಬ ವಿಧವೆ 1834ರಲ್ಲಿ ಗಂಡನ ಚಮಚದ ಕಾರ್ಖಾನೆಯನ್ನು ಕೈಗೆತ್ತಿಕೊಂಡಳು. ಅವಳ ಅಳಿಯ ಜಾರ್ಜ್ ವಿಲಿಯಂ ಆಡಮ್ಸ್ ವಿಕ್ಟೋರಿಯಾ ಕಾಲದ ದೊಡ್ಡ ಚಮಚ ತಯಾರಕನಾದ. ವಿಲಿಯಂ ಎಲಿ ಮತ್ತು ವಿಲಿಯಂ ಫರ್ನ್ 1797ರಿಂದ ಜೊತೆಯಾಗಿ ದುಡಿದವರು. 1800ರ ಸುಮಾರಿನ ಚಮಚಗಳಲ್ಲಿ ಅವರ ಮುದ್ರೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ವೆಲ್ಲೆಸ್ಲಿಗೆ ಕಾಣಿಕೆಯ ಮಾತು ಬಂದದ್ದು ಹಾವೇರಿಯ ಮಳೆಗಾಲ ಕಳೆದು ಮೂರು ವರ್ಷದ ಮೇಲೆ. 1803ರ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಅವನು ಸಿಂಧಿಯಾ ಮತ್ತು ಭೋಂಸಲೆ ಸೈನ್ಯಗಳನ್ನು ಸೋಲಿಸಿದ. 1804ರ ಫೆಬ್ರವರಿಯಲ್ಲಿ ಅವನ ಅಧಿಕಾರಿಗಳು 2,000 ಗಿನಿ ಬೆಲೆಯ ಚಿನ್ನದ ಹೂದಾನಿ ಕೊಡುತ್ತೇವೆ ಎಂದು ಪತ್ರ ಬರೆದರು. ಆಮೇಲೆ ಹೂದಾನಿಯ ಬದಲು ಊಟದ ಸಾಮಾನಿನ ಪೂರ್ಣ ಜೋಡಣೆ ಎಂದಾಯಿತು. ಲಂಡನ್ನಿನ ಜಾನ್ ಎಡ್ವರ್ಡ್ಸ್ 1806-07ರಲ್ಲಿ ಅದನ್ನು ತಯಾರಿಸಿದ. ಆ ವರ್ಷದ ಲಂಡನ್ ಅಕ್ಷರ ‘ಎಲ್’. ಅಸ್ಸಾಯಿಯ ಹೆಸರನ್ನು ಅದರ ಮೇಲೆ ಮೂಡಿಸಿದರು.

ರಾಣೆಬೆನ್ನೂರಿನ ಹೆಸರು ಅದರಲ್ಲಿ ಇಲ್ಲ. ಆದರೂ ಅಸ್ಸಾಯಿಯಲ್ಲಿ ನುಗ್ಗಿದ 19ನೇ ಲೈಟ್ ಡ್ರಗೂನ್ ಕುದುರೆ ದಂಡು ಧೋಂಡಿಯನ ಬೇಟೆಯಲ್ಲೂ ಇತ್ತು. ದೂರದ ನಾಡಿನಲ್ಲಿ ತುಂಬಿದ ಹೊಳೆ ದಾಟುವುದು, ಲಂಬಾಣಿಗರ ಎತ್ತುಗಳ ಮೇಲೆ ದವಸದ ಲೆಕ್ಕ ಹಾಕುವುದು, ಓಡುವ ಶತ್ರುವನ್ನು ಬಿಡದೆ ಅಟ್ಟುವುದು, ಇವುಗಳನ್ನು ವೆಲ್ಲೆಸ್ಲಿ ಕಲಿತದ್ದು ತುಂಗಭದ್ರೆ ಮತ್ತು ವರದೆಯ ನಡುವಿನ ಆ ಕೆಸರಿನಲ್ಲಿ. ಒಂದು ಸ್ವತಂತ್ರ ದಂಡಯಾತ್ರೆಯನ್ನು ಅವನು ಆರಂಭದಿಂದ ಕೊನೆಯವರೆಗೆ ಒಬ್ಬನೇ ನಡೆಸಿದ್ದು ಅದೇ ಮೊದಲು. ಡೆಕ್ಕನ್ ಸರ್ವಿಸಿನ ಬೆಳ್ಳಿಯಲ್ಲಿ ಈ ಸೀಮೆಗೂ ಪಾಲಿದೆ ಎನ್ನಲು ಇಷ್ಟು ಸಾಕು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಗೆ ಸೇರಿತು. ಮುಂದೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳಾದವು. 1835ರಲ್ಲಿ ಕಂಪನಿ ಇಡೀ ಹಿಂದುಸ್ತಾನಕ್ಕೆ ಒಂದೇ ರೂಪಾಯಿ ತಂದಿತು: ತೂಕ 180 ಗ್ರೇನ್, ಅಂದರೆ ಒಂದು ತೊಲೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನೂರಕ್ಕೆ ಸುಮಾರು 91.7 ಎಂದಾಯಿತು. ಲಂಡನ್ನಿನ ಸಿಂಹ ಮುದ್ರೆಯ 92.5ಕ್ಕೂ ಇದಕ್ಕೂ ಕೂದಲೆಳೆಯ ಅಂತರ. ಡ್ಯೂಕನ ಮೇಜಿನ ಬೆಳ್ಳಿಯೂ ಬ್ಯಾಡಗಿಯ ರೈತನ ಸೊಂಟದ ಚೀಲದ ರೂಪಾಯಿಯೂ ಗುಣದಲ್ಲಿ ಬಹುತೇಕ ಸರಿಸಮ. ಅದಕ್ಕೆ ಮುಂಚೆ ಬಾಗಲಕೋಟೆ ಟಂಕಸಾಲೆಯ ರೂಪಾಯಿಯಂಥ ಹತ್ತು ಬಗೆಯ ನಾಣ್ಯಗಳನ್ನು ಸರಾಫ ಒಂದೊಂದಾಗಿ ಪರೀಕ್ಷಿಸಿ ಬಟ್ಟಾ ಮುರಿದುಕೊಳ್ಳುತ್ತಿದ್ದ. ಈಗ ಕೈಯಲ್ಲಿದ್ದ ನಾಣ್ಯವೇ ಪತ್ತಾರನಿಗೆ ಕಚ್ಚಾ ಮಾಲು, ಅದೇ ತೂಕದ ಕಲ್ಲು, ಅದೇ ಶುದ್ಧತೆಯ ಪ್ರಮಾಣ. ಇಷ್ಟು ರೂಪಾಯಿ ತೂಕದ ಕಡಗ, ಇಷ್ಟು ರೂಪಾಯಿ ತೂಕದ ಉಡದಾರ ಎಂದು ಲೆಕ್ಕ ಹೇಳುವ ರೂಢಿ ಬೇರೂರಿತು.

ಬೆಳ್ಳಿ ಹೊಳೆಯಾಗಿ ಬಂದದ್ದು ಹತ್ತಿಯ ಮೂಲಕ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಹಿಂದುಸ್ತಾನದ ಹಲವೆಡೆ ಬಿತ್ತಿಸಿ ನೋಡಿತು. ಬಹುತೇಕ ಕಡೆ ಸೋತ ಆ ಪ್ರಯೋಗ ಧಾರವಾಡದ ನೆಲದಲ್ಲಿ ಗೆದ್ದು, ‘ಧಾರವಾಡ ಅಮೆರಿಕನ್’ ಎಂಬ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ನಿಂತಿತು. ಸ್ಥಳೀಯ ಹತ್ತಿಗೆ, ಅದನ್ನು ಹಡಗಿಗೆ ಹಾಕುತ್ತಿದ್ದ ಬಂದರಿನಿಂದ, ‘ಕುಮಟಾ’ ಎಂದು ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಮುಂಬಯಿಯ ಕಡೆ ಕೈಚಾಚಿದವು, ಬೆಲೆ ಹಲವು ಪಟ್ಟು ಜಿಗಿಯಿತು. ಹಡಗು ಹಡಗು ಬೆಳ್ಳಿ ಮುಂಬಯಿಗೆ ಬಂದು ರೂಪಾಯಿಯಾಗಿ ಘಟ್ಟ ಹತ್ತಿತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳು ಮುಳುಗಿದವು. ಸಾಹುಕಾರನ ಸಾಲಕ್ಕೆ ಹೋಗದೆ ರೈತನ ಮನೆಯಲ್ಲಿ ಉಳಿದ ಪಾಲು ಮೈಮೇಲಿನ ಒಡವೆಯಾಗಿ, ದೇವರ ಮನೆಯ ಸಾಮಾನಾಗಿ ಉಳಿಯಿತು. ಬ್ಯಾಂಕಿಲ್ಲದ ಊರಿನಲ್ಲಿ ಅದೇ ಠೇವಣಿ.

ಇಲ್ಲಿನ ಪತ್ತಾರರ ಕೈಚಳಕಕ್ಕೆ ಒಂದೇ ವಸ್ತುವನ್ನು ಸಾಕ್ಷಿಯಾಗಿ ಕೊಡಬೇಕೆಂದರೆ ಅದು ಲಿಂಗದ ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟು ಶಿವದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಸಂಪುಟ. ಉರುಟಾಗಿದ್ದರೆ ಗುಂಡಗಡಿಗೆ. ದೊಡ್ಡ ಕರಡಿಗೆಗಳಲ್ಲಿ ನಡುವೆ ಗುಮ್ಮಟದಂಥ ಉಬ್ಬು, ಎರಡು ಕಡೆ ಕೊಂಬಿನಂತೆ ಚಾಚಿದ ಮೊಗ್ಗುಗಳು, ಅವುಗಳ ಮೂಲಕ ಹಾಯುವ ದಾರ. ಅರಗಿನ ಮೇಲೆ ತಗಡು ಕೂರಿಸಿ ಹಿಂದಿನಿಂದ ಉಬ್ಬಿಸಿ ಮುಂದಿನಿಂದ ತಿದ್ದುವುದು, ಬಿಳಿಗಾರ ಹಾಕಿ ಬೆಸೆಯುವುದು, ಮುಚ್ಚಳ ಒಂದಿಷ್ಟೂ ಸಡಿಲವಾಗದಂತೆ ಕೂರಿಸುವುದು. ಮೈಯ ಬೆವರು, ಹೊಲದ ಕೆಲಸ, ಜಳಕ ಎಲ್ಲವನ್ನೂ ತಾಳಿಕೊಂಡು ಒಂದು ಆಯುಷ್ಯವಿಡೀ ಬಾಳಬೇಕು. ಲಂಡನ್ನಿನ ಚಮಚಗಾರನಿಗೆ ಇಂಥ ಪರೀಕ್ಷೆ ಇರಲಿಲ್ಲ. ಕಸುಬುದಾರಿಕೆಯ ದೃಷ್ಟಿಯಿಂದ ಒಳ್ಳೆಯ ಕರಡಿಗೆಯೊಂದು ಬೇಟ್ಮನ್ ಮನೆಯ ಯಾವ ಚಮಚಕ್ಕೂ ಕಡಿಮೆಯಲ್ಲ. ಹಲವು ಪಾಲು ಕಷ್ಟದ್ದು ಎಂದೇ ಹೇಳಬೇಕು.

ಕೈಯಿಂದ ಉಣ್ಣುವ ನಾಡಿನಲ್ಲಿ ಬೆಳ್ಳಿಯ ಚಮಚ ಇರಲೇ ಇಲ್ಲ ಎಂದಲ್ಲ. ತೀರ್ಥಕ್ಕೆ ಪಂಚಪಾತ್ರೆಯ ಜೊತೆಗಿನ ಉದ್ಧರಣೆ ಇತ್ತು. ಕೂಸಿಗೆ ಹಾಲು ಕುಡಿಸುವ ಒಳಲೆ ಇತ್ತು. ಉಳ್ಳವರ ಮನೆಯಲ್ಲಿ ಬೆಳ್ಳಿಯ ತಾಟು, ತಂಬಿಗೆ, ಗಿಂಡಿ. ಆದರೆ ಇವುಗಳಲ್ಲಿ ಯಾವುದರ ಮೇಲೂ ಮಾಡಿದವನ ಹೆಸರಿಲ್ಲ, ವರ್ಷವಿಲ್ಲ, ಊರಿಲ್ಲ. ಪತ್ತಾರ ಯಾರು ಎಂಬುದು ಊರಿಗೇ ಗೊತ್ತಿತ್ತು. ಮೋಸವಾದರೆ ಅವನ ಮನೆ ಬಾಗಿಲು ಗೊತ್ತಿತ್ತು. ಹಾಗಾಗಿ ಬರೆದಿಡುವ ಅಗತ್ಯ ಬೀಳಲಿಲ್ಲ. ಆ ತಲೆಮಾರು ಹೋದ ಮೇಲೆ ನಷ್ಟ ಗೊತ್ತಾಗುತ್ತಿದೆ. ಲಂಡನ್ನಿನ ಹರಾಜು ಪಟ್ಟಿಗಳಲ್ಲಿ ಆಗಾಗ ಬೆಳ್ಳಿಯ ಕರಡಿಗೆಗಳು ಕಾಣಿಸಿಕೊಳ್ಳುತ್ತವೆ. ಕೆಳಗೆ ಬರೆದಿರುವುದು ದಕ್ಷಿಣ ಭಾರತ, ಹತ್ತೊಂಬತ್ತನೇ ಶತಮಾನ ಎಂದಷ್ಟೇ. ಅದೇ ಪಟ್ಟಿಯ ಮುಂದಿನ ಪುಟದಲ್ಲಿ ಒಂದು ಚಹಾ ಚಮಚಕ್ಕೆ ತಯಾರಕನ ಹೆಸರು, ಊರು, ವರ್ಷ ಎಲ್ಲ ಇರುತ್ತದೆ.

ಹಿಂದುಸ್ತಾನದಲ್ಲಿ ನೆಲೆಸಿದ ಇಂಗ್ಲಿಷ್ ಬೆಳ್ಳಿ ವ್ಯಾಪಾರಿಗಳಿಗೆ ಈ ಹೆಸರಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಜಾರ್ಜ್ ಗಾರ್ಡನ್, ಆಮೇಲೆ ಮದರಾಸಿನದೇ ಪಿ. ಓರ್ ಅಂಡ್ ಸನ್ಸ್, ಬೆಂಗಳೂರು ದಂಡುಪ್ರದೇಶದ ಸೌತ್ ಪರೇಡಿನಲ್ಲಿ ಬಾರ್ಟನ್ ಸನ್ ಅಂಡ್ ಕಂಪನಿ. ಇಲ್ಲಿ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಹಾಗಾಗಿ ಇವರು ತಮ್ಮ ಹೆಸರಿನ ಜೊತೆ ಆನೆ, ಅಕ್ಷರ ಮುಂತಾದ ಗುರುತುಗಳನ್ನು ತಾವೇ ಒತ್ತಿ ಲಂಡನ್ನಿನ ಮುದ್ರೆಗಳ ಸಾಲನ್ನು ಹೋಲುವಂತೆ ಮಾಡಿಕೊಂಡರು. ಹೆಸರು ಅಂಗಡಿಯದು, ಕೆಲಸದ ಕೈಗಳು ಬಹುಪಾಲು ಈ ನೆಲದ ಅಕ್ಕಸಾಲಿಗರದು. ಚಮಚದ ಹಿಡಿಗೆ, ಚಹಾದ ಕೆಟಲಿನ ಮೈಗೆ ದೇವದೇವತೆಯರ ಉಬ್ಬುಚಿತ್ರ ಕೊಡುವ ಮದರಾಸಿನ ‘ಸ್ವಾಮಿ’ ಕೆಲಸ ಅವರದೇ. 1875-76ರಲ್ಲಿ ವೇಲ್ಸಿನ ರಾಜಕುಮಾರ ಬಂದಾಗ ಪಿ. ಓರ್ ಅಂಗಡಿ ಅವನಿಗಾಗಿ ಸ್ವಾಮಿ ಕೆಲಸದ ಚಹಾ ಜೋಡಣೆ ತಯಾರಿಸಿತು. ಆಮೇಲೆ ಇಂಗ್ಲೆಂಡಿನಲ್ಲಿ ಆ ಶೈಲಿಗೆ ಬೇಡಿಕೆ ಬಂತು. ಬೆಂಗಳೂರಿನ ಸಿ. ಕೃಷ್ಣಯ್ಯ ಚೆಟ್ಟಿ ಅಂಗಡಿ ಆರಂಭವಾದದ್ದು 1869ರಲ್ಲಿ. ಅದು ಇಂದಿಗೂ ಇದೆ. ಬಾರ್ಟನ್ನರ ಹೆಸರು ಮಹಾತ್ಮ ಗಾಂಧಿ ರಸ್ತೆಯ ಬಾರ್ಟನ್ ಸೆಂಟರ್ ಕಟ್ಟಡದಲ್ಲಿ ಉಳಿದಿದೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ದಾರಿಯ ನಿಲ್ದಾಣಗಳು. ದಂಡು ಎರಡು ವಾರ ಒದ್ದಾಡಿದ ದಾರಿ ಕೆಲವು ಗಂಟೆಗಳದಾಯಿತು. ಹತ್ತಿ, ಮೆಣಸಿನಕಾಯಿ ಹೊರಗೆ ಹೋದವು, ಇಂಗ್ಲೆಂಡಿನ ಸಾಮಾನು ಒಳಗೆ ಬಂತು. ಆ ಹೊತ್ತಿಗೆ ಇಂಗ್ಲಿಷ್ ಬೆಳ್ಳಿಯ ಸ್ವರೂಪವೇ ಬದಲಾಗಿತ್ತು. 1743ರಲ್ಲಿ ಶೆಫೀಲ್ಡಿನ ಥಾಮಸ್ ಬೋಲ್ಸೋವರ್ ತಾಮ್ರದ ಮೇಲೆ ಬೆಳ್ಳಿಯ ತಗಡು ಬೆಸೆಯುವ ವಿದ್ಯೆ ಕಂಡುಕೊಂಡಿದ್ದ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ಪೇಟೆಂಟ್ ಪಡೆಯಿತು. ನಿಕಲ್ ಬೆರೆತ ಲೋಹದ ಮೇಲೆ ತೆಳು ಬೆಳ್ಳಿಯ ಪೊರೆ, ಹಿಂದೆ ‘ಇಪಿಎನ್‌ಎಸ್’ ಎಂಬ ನಾಲ್ಕಕ್ಷರ. ರೈಲಿನ ಊಟದ ಡಬ್ಬಿ, ಪ್ರವಾಸಿ ಬಂಗಲೆ, ಕ್ಲಬ್ಬುಗಳಿಗೆಲ್ಲ ಹೋದದ್ದು ಹೆಚ್ಚಾಗಿ ಇದೇ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹಳೆಯ ಬಂಗಲೆಗಳ ಹರಾಜಿನಲ್ಲಿ ಕೊಂಡ ಚಮಚ, ಫೋರ್ಕುಗಳನ್ನು ಇಂಗ್ಲಿಷರ ಕಾಲದ ಅಸಲಿ ಬೆಳ್ಳಿ ಎಂದು ಮಾರುವವರು ಈಗಲೂ ಇದ್ದಾರೆ. ಇಪಿಎನ್‌ಎಸ್ ಎಂದಿದ್ದರೆ ಅದರಲ್ಲಿ ತೂಕಕ್ಕೆ ಸಿಗುವ ಬೆಳ್ಳಿ ಇಲ್ಲವೆಂದೇ ತಿಳಿಯಬೇಕು. ಶೆಫೀಲ್ಡ್ ಎಂಬ ಹೆಸರೊಂದೇ ಇದ್ದರೆ ಸಾಲದು, ಸಿಂಹ ಇರಲೇಬೇಕು. ಅದರ ಪಕ್ಕ ವರ್ಷದ ಅಕ್ಷರ, ಊರಿನ ಗುರುತು, ತಯಾರಕನ ಅಕ್ಷರಗಳು ಬೇರೆಬೇರೆ ಚೌಕಟ್ಟಿನಲ್ಲಿ ಒತ್ತಿರಬೇಕು. ಬರ್ಮಿಂಗ್‌ಹ್ಯಾಮಿಗೆ ಲಂಗರು, ಹಳೆಯ ಶೆಫೀಲ್ಡಿಗೆ ಕಿರೀಟ ಗುರುತು. ಈ ಎರಡು ಊರುಗಳಿಗೆ ಪರೀಕ್ಷಾ ಕಚೇರಿ ಸಿಕ್ಕಿದ್ದು 1773ರಲ್ಲಿ.

ಬೆಳ್ಳಿಯ ರೂಪಾಯಿಯ ಕಾಲವೂ ಮುಗಿಯುತ್ತ ಬಂತು. 1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯಿತು. 1893ರ ಜೂನ್ 26ರಂದು ಸರ್ಕಾರ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಅದುವರೆಗೆ ಬರಗಾಲ ಬಂದರೆ ಬೆಳ್ಳಿಯ ಒಡವೆ ಟಂಕಸಾಲೆ ಸೇರಿ ರೂಪಾಯಿಯಾಗಿ ಹೊರಬರಬಹುದಿತ್ತು. ಅಂದಿನಿಂದ ರೂಪಾಯಿಯ ಬೆಲೆಯೇ ಬೇರೆ, ಒಡವೆಯ ಬೆಲೆಯೇ ಬೇರೆಯಾಯಿತು. ಮುಂದಿನ ಏಳು ವರ್ಷಗಳಲ್ಲಿ ಎರಡು ದೊಡ್ಡ ಬರಗಾಲಗಳು ಬಂದವು, 1896-97 ಮತ್ತು 1899-1900. ಮಾರಬೇಕಾದವರಿಗೆ ಕೈಗೆ ಬಂದದ್ದು ಇಳಿದ ಬೆಲೆ. ಧಾರವಾಡ ಸೀಮೆಯ ಹಳೆಯ ಬೆಳ್ಳಿ ಎಷ್ಟೋ ಹೀಗೆ ಕರಗಿ ಹೋಗಿರಬೇಕು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕಲ್ ಬಂತು. ದೀಪಾವಳಿಯ ಲಕ್ಷ್ಮೀಪೂಜೆಗೆ ಪೆಟ್ಟಿಗೆಯಿಂದ ಹೊರಬರುವ ವಿಕ್ಟೋರಿಯಾ ರಾಣಿಯ ರೂಪಾಯಿಗಳು ಅದಕ್ಕೂ ಹಿಂದಿನ, ಬೆಳ್ಳಿಯ ರೂಪಾಯಿಯ ಕಾಲದವು.

ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಲಂಡನ್ನಿನ ಚಿರತೆಯ ತಲೆಗೂ ಇದಕ್ಕೂ ಏಳು ಶತಮಾನದ ಅಂತರ. ಅದೂ ಹೊಸ ಬೆಳ್ಳಿಗೆ. ಈಗಾಗಲೇ ಮನೆಗಳಲ್ಲಿ ಇರುವುದಕ್ಕೆ ಯಾವ ಮುದ್ರೆಯೂ ಇಲ್ಲ. ಮನೆಯಲ್ಲಿ ಮದುವೆ ಬಂದಾಗ ಅಜ್ಜನ ಕರಡಿಗೆ, ಅಜ್ಜಿಯ ಉಡದಾರ, ಹಳೆಯ ಒಳಲೆ ತೂಕಕ್ಕೆ ಹಾಕಿ ಹೊಸದು ತರುವುದು ಈ ಊರುಗಳಲ್ಲಿ ದಿನವೂ ನಡೆಯುತ್ತಿದೆ. ಹಳೆಯದನ್ನು ಮಾರಬಾರದೆಂದು ಯಾರಿಗೂ ಹೇಳುವಂತಿಲ್ಲ, ಅಗತ್ಯಗಳು ಇರುತ್ತವೆ. ಆದರೆ ಕರಗಿಸುವ ಮುಂಚೆ ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆದು, ತೂಕ ಬರೆದು, ಯಾವ ಊರಿನ ಯಾವ ಪತ್ತಾರ ಯಾರ ಕಾಲದಲ್ಲಿ ಮಾಡಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಗುರುತು ಹಾಕಿಡಲು ಒಂದು ಗಂಟೆ ಸಾಕು. ಹಾವೇರಿ ಜಿಲ್ಲೆಯಲ್ಲೇ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪತ್ತಾರ ಮನೆತನಗಳ ಹೆಸರು, ಅವರ ಅಚ್ಚುಗಳು, ಅವರ ಉಪಕರಣಗಳನ್ನು ದಾಖಲಿಸುವ ಕೆಲಸವನ್ನು ಅದು ಕೈಗೆತ್ತಿಕೊಳ್ಳಬೇಕು. ಕೆಲಸ ಬಲ್ಲ ಹಿರಿಯರು ಇನ್ನೂ ಇರುವಾಗಲೇ ಆಗಬೇಕು.